ಪೀಣ್ಯದಿಂದ ಕಿಸುಮುಗೆ 120 ಹಿಟ್ಟಿನ ಗಿರಣಿ

ಹೋದ ಮಂಗಳವಾರ ಬ್ಯಾಂಕಿನಿಂದ ಮೆಸೇಜ್ ಬಂತು. ಕೆನ್ಯಾದಿಂದ ಬರಬೇಕಿದ್ದ ಕೊನೆಯ ಕಂತು ಖಾತೆಗೆ ಬಿದ್ದಿತ್ತು. ಜನವರಿಯಲ್ಲಿ ಆರ್ಡರ್ ಬಂದಾಗ "ಮಾರ್ಚ್ ಒಳಗೆ ಮಾಲು ನಿಮ್ಮ ಅಂಗಡಿ ಮುಂದೆ" ಅಂತ ಹೇಳಿದ್ದವನು ನಾನೇ. ತಲುಪಿದ್ದು ಜೂನ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಏನೇನಾಯಿತು ಅಂತ ನೆನಪು ಹಸಿಯಾಗಿರುವಾಗಲೇ ಬರೆದುಬಿಡುತ್ತೇನೆ. ಆಫ್ರಿಕಾಗೆ ಮೊದಲ ಸಲ ಮಾಲು ಕಳಿಸುವವರಿಗೆ ಇದರಿಂದ ಒಂದು ತಿಂಗಳಾದರೂ ಉಳಿಯಬಹುದು.

ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಹನ್ನೊಂದು ಜನ ಇದ್ದೇವೆ. ರಾಗಿ, ಗೋಧಿ, ಮುಸುಕಿನ ಜೋಳ ಬೀಸುವ 2 ಎಚ್‌ಪಿ ಗಿರಣಿ ಮಾಡುತ್ತೇವೆ. ಸಣ್ಣ ಅಂಗಡಿಗಳು, ಸ್ತ್ರೀಶಕ್ತಿ ಸಂಘದವರು ಕೊಳ್ಳುವಂಥದ್ದು. ಕೆನ್ಯಾದ ಕಿಸುಮುವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬರು ತಾಯಿಯ ಚಿಕಿತ್ಸೆಗೆ ಅಂತ ಬೆಂಗಳೂರಿಗೆ ಬಂದಿದ್ದರು. ಆಸ್ಪತ್ರೆ ಹತ್ತಿರದ ಅಂಗಡಿಯಲ್ಲಿ ನಮ್ಮ ಗಿರಣಿ ನೋಡಿ, ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಡದಲ್ಲಿ. ಅಲ್ಲಿ ಬೀಸುವ ಗಿರಣಿಗೆ "ಪೊಶೊ ಮಿಲ್" ಅನ್ನುತ್ತಾರೆ. ಅವರು ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದು, "ಇದು ವಿಂಬಿ, ಇದನ್ನು ನಿಮ್ಮ ಮೆಷಿನ್ ಬೀಸುತ್ತಾ?" ಅಂತ ಕೇಳಿದರು. ಬಿಚ್ಚಿ ನೋಡಿದರೆ ನಮ್ಮ ರಾಗಿ! ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು ಅಂತ ಎಲ್ಲೋ ಓದಿದ್ದೆ. ಅವತ್ತು ಅಂಗೈಯಲ್ಲಿ ಹಿಡಿದು ನೋಡಿದೆ. ವರ್ಕ್‌ಶಾಪ್‌ನಲ್ಲೇ ಬೀಸಿ ತೋರಿಸಿದೆವು. 120 ಗಿರಣಿಗೆ ಮಾತಾಯಿತು. ಶೇ 30 ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕು ಪತ್ರ) ಪ್ರತಿ ಕಳಿಸಿದ ಮೇಲೆ.

ನಮ್ಮ ಕಡೆಯ ಕಾಗದಗಳು ಸಲೀಸಾಗಿಯೇ ಆದವು. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಿಜಿಎಫ್‌ಟಿ ವೆಬ್‌ಸೈಟ್‌ನಲ್ಲಿ ಐಇಸಿ ನಂಬರ್ (ಆಮದು ರಫ್ತು ಮಾಡುವವರ ಗುರುತಿನ ಸಂಖ್ಯೆ) ಮಾಡಿಸಲು 500 ರೂಪಾಯಿ. ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಸರಿ ಇದ್ದರೆ ಏಜೆಂಟ್ ಬೇಕಾಗಿಲ್ಲ, ನೀವೇ ಮಾಡಬಹುದು. ನನಗೆ ಇದೇ ಕೆಲಸಕ್ಕೆ ಒಬ್ಬರು ಆರು ಸಾವಿರ ಕೇಳಿದ್ದರು. ಒಂದು ವಿಷಯ ಮಾತ್ರ ಗೊತ್ತಿರಲಿ: ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಲಾಗಿನ್ ಆಗಿ ವಿವರ ಖಾತ್ರಿ ಮಾಡಬೇಕು. ಏನೂ ಬದಲಾಗದಿದ್ದರೂ ಮಾಡಬೇಕು. ಇಲ್ಲದಿದ್ದರೆ ಐಇಸಿ ನಿಷ್ಕ್ರಿಯ ಆಗುತ್ತದೆ.

ಆಮೇಲೆ ಎಡಿ ಕೋಡ್. ಡಾಲರ್ ವ್ಯವಹಾರ ನಡೆಸುವ ಬ್ಯಾಂಕ್ ಶಾಖೆಯ 14 ಅಂಕಿಯ ಗುರುತು ಇದು. ಬ್ಯಾಂಕಿನಿಂದ ಪತ್ರ ತಂದು, ಕಸ್ಟಮ್ಸ್‌ನ ವೆಬ್‌ಸೈಟ್ ಆದ ಐಸ್‌ಗೇಟ್‌ನಲ್ಲಿ ನಿಮ್ಮ ಮಾಲು ಯಾವ ಬಂದರು ಅಥವಾ ಡಿಪೋದಿಂದ ಹೊರಡುತ್ತದೋ ಅದಕ್ಕೆ ನೋಂದಾಯಿಸಬೇಕು. ನಾನು ವೈಟ್‌ಫೀಲ್ಡ್ ಐಸಿಡಿಗೆ (ಒಳನಾಡಿನ ಕಂಟೇನರ್ ಡಿಪೋ) ಮಾಡಿಸಿದೆ. ಪತ್ರ ಕೊಡಲು ನಮ್ಮ ಶಾಖೆಯವರು ಎಂಟು ದಿನ ತೆಗೆದುಕೊಂಡರು. ಅಲ್ಲಿ ಯಾರೂ ಅದನ್ನು ಮೊದಲು ಕೊಟ್ಟಿರಲಿಲ್ಲ, ನಮೂನೆ ನಾನೇ ಹುಡುಕಿ ಪ್ರಿಂಟ್ ಹಾಕಿಸಿಕೊಟ್ಟೆ. ಐಜಿಎಸ್‌ಟಿ ಕಟ್ಟದೆ ಕಳಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಹಾಕಿದೆ. ತೆರಿಗೆ ಕಟ್ಟದೆ ರಫ್ತು ಮಾಡುತ್ತೇನೆ ಅಂತ ಕೊಡುವ ಮುಚ್ಚಳಿಕೆ ಅದು, ಐದು ನಿಮಿಷದ ಕೆಲಸ. ಇದರ ಕಥೆ ಮುಂದೆ ಬರುತ್ತದೆ.

ಜನವರಿ ಕೊನೆಗೆ ಮುಂಗಡ ಬಂತು. ಹುಡುಗರಿಗೆ ಹೇಳಿ ಎರಡು ಶಿಫ್ಟ್ ಓಡಿಸಿದೆ. ಫೆಬ್ರವರಿ ಮಧ್ಯಕ್ಕೆ 120 ಗಿರಣಿ ರೆಡಿ. ಬಡಗಿ ಮಾವಿನ ಹಲಗೆಯಲ್ಲಿ ಕ್ರೇಟ್ ಹೊಡೆದು, ಒಂದೊಂದಕ್ಕೂ ಮೊಳೆ ಜಡಿದು, ವರ್ಕ್‌ಶಾಪ್ ತುಂಬ ಪೇರಿಸಿಟ್ಟ. ಫೋಟೊ ತೆಗೆದು ಕಿಸುಮುಗೆ ಕಳಿಸಿದೆ. ಹೆಮ್ಮೆ ಜಾಸ್ತಿ ಆಗಿತ್ತು ಅವತ್ತು.

ಫೋಟೊ ಹಿಡಿದುಕೊಂಡು ಕಸ್ಟಮ್ಸ್ ಬ್ರೋಕರ್ ಹತ್ತಿರ ಹೋದೆ. ನಾವೆಲ್ಲ ಸಿಎಚ್‌ಎ ಅಂತಲೇ ಕರೆಯುವುದು. ಅವರು ಫೋಟೊ ನೋಡಲೇ ಇಲ್ಲ. "ಕೆನ್ಯಾ ಅಂದ್ರಿ. ಐಡಿಎಫ್ ನಂಬರ್ ಬಂತಾ? ಸಿಒಸಿಗೆ ಹಾಕಿದ್ದೀರಾ?" ಅಂದರು. ಎರಡೂ ಏನು ಅಂತ ನನಗೆ ಗೊತ್ತಿರಲಿಲ್ಲ. ಚಹಾ ತರಿಸಿ ಕೂರಿಸಿ ಹೇಳಿದರು.

ಕೆನ್ಯಾಗೆ ಹೋಗುವ ಬಹುಪಾಲು ಮಾಲಿಗೆ ಹೊರಡುವ ದೇಶದಲ್ಲೇ ಗುಣಮಟ್ಟದ ತಪಾಸಣೆ ಆಗಬೇಕು. 2005ರಿಂದ ಇರುವ ವ್ಯವಸ್ಥೆ ಇದು. ಪಿವಿಒಸಿ ಅನ್ನುತ್ತಾರೆ. ಅವರ ಕೆಇಬಿಎಸ್ ಅಂದರೆ ನಮ್ಮಲ್ಲಿ ಐಎಸ್‌ಐ ಮುದ್ರೆ ಕೊಡುವ ಬಿಐಎಸ್ ಇದ್ದ ಹಾಗೆ. ಅದು ನೇಮಿಸಿದ ತಪಾಸಣಾ ಕಂಪನಿಗಳು ಭಾರತದಲ್ಲೂ ಇವೆ. ಅವರು ಬಂದು ಮಾಲು ನೋಡಿ, ಪರೀಕ್ಷಾ ವರದಿ ನೋಡಿ, ಸರಿ ಇದೆ ಅಂದರೆ ಸಿಒಸಿ ಅನ್ನುವ ಪ್ರಮಾಣಪತ್ರ ಕೊಡುತ್ತಾರೆ. ಅದಿಲ್ಲದೆ ಮಾಲು ಕೆನ್ಯಾದ ಮೊಂಬಾಸಾ ಬಂದರು ತಲುಪಿದರೆ ಅಲ್ಲಿ ಮತ್ತೆ ತಪಾಸಣೆ, ಮೇಲೆ ಹೆಚ್ಚುವರಿ ಶುಲ್ಕ, ಅಷ್ಟು ದಿನ ಬಂದರಿನ ಬಾಡಿಗೆ. ಹಡಗು ಹತ್ತಿದ ಮೇಲೆ "ಅಯ್ಯೋ ಮರೆತೆ, ಈಗ ಕೊಡಿ" ಅಂದರೆ ಇಲ್ಲಿ ಯಾರೂ ಕೊಡುವುದಿಲ್ಲ.

ಆ ಸಿಒಸಿಗೆ ಅರ್ಜಿ ಹಾಕಲು ಐಡಿಎಫ್, ಅಂದರೆ ಆಮದು ಘೋಷಣೆ ಫಾರಂ, ಬೇಕು. ಅದನ್ನು ನಾವು ಮಾಡುವ ಹಾಗಿಲ್ಲ. ಕೊಳ್ಳುವವರು ಅಲ್ಲಿನ ತಮ್ಮ ಕ್ಲಿಯರಿಂಗ್ ಏಜೆಂಟ್ ಮೂಲಕ ಕೆನ್‌ಟ್ರೇಡ್ ಅನ್ನುವ ಸರ್ಕಾರಿ ಸಂಸ್ಥೆಯ ಏಕಗವಾಕ್ಷಿ ವ್ಯವಸ್ಥೆಯಲ್ಲಿ ಹಾಕಬೇಕು. ಐಡಿಎಫ್ ಹಾಕಲು ಅವರಿಗೆ ಮಾಲು ಕಳಿಸುವ ಮುಂಚಿನ ಕರಡು ಬಿಲ್, ಅಂದರೆ ನನ್ನ ಪ್ರೊಫಾರ್ಮಾ ಇನ್‌ವಾಯ್ಸ್ ಬೇಕು. ಅಂದರೆ ಕೆಲಸ ಶುರುವಾಗಬೇಕಿದ್ದದ್ದು ಅಲ್ಲಿಂದ. ನಾನು ಇಲ್ಲಿ ಮೊಳೆ ಹೊಡೆಸಿ ಕೂತಿದ್ದೆ.

ಪ್ರೊಫಾರ್ಮಾ ಕಳಿಸಿದ್ದೆನಲ್ಲ ಅಂದುಕೊಂಡೆ. ಕಳಿಸಿದ್ದೆ, ಆದರೆ ಅದು ಒಂದು ಪುಟದ ಕೊಟೇಶನ್. "ಫ್ಲೋರ್ ಮಿಲ್, 120, ಒಟ್ಟು ಇಷ್ಟು ಡಾಲರ್, ಸಿಐಎಫ್ ಮೊಂಬಾಸಾ" ಅಂತ ಬರೆದು ಸಹಿ ಹಾಕಿದ್ದೆ. ಅದರಲ್ಲಿ ಎರಡು ದೊಡ್ಡ ತಪ್ಪು.

ಒಂದು, ಸಿಐಎಫ್. ಅಂದರೆ ಹಡಗಿನ ಬಾಡಿಗೆ ಜೊತೆ ವಿಮೆಯೂ ನನ್ನದೇ. ಆದರೆ ಕೆನ್ಯಾ 2017ರ ಜನವರಿಯಿಂದ ಆಮದು ಮಾಲಿನ ಸಾಗರ ವಿಮೆಯನ್ನು ಅಲ್ಲಿನ ವಿಮಾ ಕಂಪನಿಯಲ್ಲೇ ಮಾಡಿಸಬೇಕು ಅನ್ನುವ ಕಾನೂನನ್ನು ಬಿಗಿಯಾಗಿ ಜಾರಿ ಮಾಡುತ್ತಿದೆ. ನಾನು ಇಲ್ಲಿ ವಿಮೆ ಮಾಡಿಸಿದರೂ ಅವರು ಅಲ್ಲಿ ಮತ್ತೆ ಮಾಡಿಸಲೇಬೇಕು. ದುಡ್ಡು ಎರಡು ಸಲ. ಅದಕ್ಕೇ ಕೆನ್ಯಾದವರ ಜೊತೆ ಸಿಎಫ್‌ಆರ್ (ಹಡಗಿನ ಬಾಡಿಗೆ ನಿಮ್ಮದು, ವಿಮೆ ಅವರದು) ಅಥವಾ ಎಫ್‌ಒಬಿಯಲ್ಲಿ (ಹಡಗಿನ ಬಾಡಿಗೆಯೂ ಅವರದೇ) ಮಾತಾಡಿ. ಪೀಣ್ಯದಿಂದ ಹಡಗಿನವರೆಗಿನ ದಾರಿಗೆ ಮಾತ್ರ ನಿಮ್ಮದೊಂದು ಸಣ್ಣ ಪಾಲಿಸಿ ಇರಲಿ, ಯಾಕೆಂದರೆ ಅಲ್ಲಿಯವರೆಗೆ ಮಾಲು ಹಾಳಾದರೆ ಹೊಣೆ ನಿಮ್ಮದೇ.

ಎರಡು, ಎಚ್‌ಎಸ್ ಕೋಡ್. ಸುಂಕದ ಲೆಕ್ಕಕ್ಕೆ ಒಂದೊಂದು ಬಗೆಯ ವಸ್ತುವಿಗೂ ಕೊಟ್ಟಿರುವ ಸಂಖ್ಯೆ ಅದು. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಆಮೇಲಿನವು ಅವರವರದು. ಧಾನ್ಯ ಬೀಸುವ ಯಂತ್ರಗಳು 8437ರಲ್ಲಿ ಬರುತ್ತವೆ. ನಾನು ಕೋಡೇ ಬರೆದಿರಲಿಲ್ಲ. ಕಿಸುಮುವಿನ ಏಜೆಂಟ್ ಫೋಟೊ ನೋಡಿ, ಮಿಕ್ಸಿ ಗ್ರೈಂಡರ್‌ಗಳ ಸಾಲಿನ 8509 ಹಾಕಲು ಹೊರಟಿದ್ದರು. ಪೂರ್ವ ಆಫ್ರಿಕಾ ಸಮುದಾಯದ ದೇಶಗಳಿಗೆಲ್ಲ ಒಂದೇ ಸುಂಕ ಪಟ್ಟಿ. ಯಂತ್ರೋಪಕರಣಕ್ಕೆ ಸೊನ್ನೆ, ಅಲ್ಲಿಂದ 10, 25, 2022ರ ಜುಲೈನಿಂದ 35 ಶೇಕಡಾದ ಮೆಟ್ಟಿಲೂ ಇದೆ. ಮನೆಬಳಕೆ ಸಾಮಾನು ಅಂತಾದರೆ ನಮ್ಮ ಗಿರಣಿ ಮೇಲಿನ ಮೆಟ್ಟಿಲಿಗೆ ಹೋಗುತ್ತಿತ್ತು. ಗಂಟೆಗೆ ಎಷ್ಟು ಕೆಜಿ ಬೀಸುತ್ತದೆ, ತೂಕ ಎಷ್ಟು, ಯಾರು ಕೊಳ್ಳುತ್ತಾರೆ ಅಂತ ಒಂದು ಕ್ಯಾಟಲಾಗ್ ಪುಟ ಮಾಡಿ ಕಳಿಸಿದೆ. ವಾದ ನಾಲ್ಕು ದಿನ ನಡೆಯಿತು. ಕೊನೆಗೆ 8437ಕ್ಕೆ ಒಪ್ಪಿದರು. ಸುಂಕ ಸೊನ್ನೆಯಾದರೂ ಅವರಿಗೆ ಖರ್ಚು ಇಲ್ಲದಿಲ್ಲ. ಐಡಿಎಫ್ ಶುಲ್ಕ, ರೈಲ್ವೆ ಅಭಿವೃದ್ಧಿ ಲೆವಿ ಅಂತ ಬೇರೆ ಬೇರೆ ಇವೆ. ಬೆಲೆ ಚೌಕಾಸಿ ಮಾಡುವಾಗ ಅವರ ತಲೆಯಲ್ಲಿ ಈ ಲೆಕ್ಕ ಓಡುತ್ತಿರುತ್ತದೆ, ನಮಗೆ ಕಾಣುವುದಿಲ್ಲ.

ಹೊಸ ಪ್ರೊಫಾರ್ಮಾ ಮಾಡಿದೆ. ಎಫ್‌ಒಬಿ ಬೆಲೆ ಬೇರೆ, ಸಾಗಣೆ ಬೇರೆ. ಮಾಡೆಲ್ ನಂಬರ್, ಎಚ್‌ಎಸ್ ಕೋಡ್, ಮೂಲ ದೇಶ, ಒಂದೊಂದರ ಬೆಲೆ. ಇದೇ ಪದಗಳು, ಇದೇ ಅಲ್ಪವಿರಾಮ, ಮುಂದಿನ ಎಲ್ಲ ಕಾಗದದಲ್ಲೂ ಬರಬೇಕು ಅಂತ ಸಿಎಚ್‌ಎ ಹೇಳಿದರು. ಒಂದು ಕಡೆ "ಫ್ಲೋರ್ ಮಿಲ್", ಇನ್ನೊಂದು ಕಡೆ "ಪಲ್ವರೈಸರ್" ಅಂತ ಬರೆದರೆ ಅಲ್ಲಿ ಅದು ಎರಡು ಬೇರೆ ವಸ್ತು.

ಅಲ್ಲಿಂದ ಒಂಬತ್ತು ದಿನ ಕಾದೆ. ಕೆನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಬೆಳಿಗ್ಗೆ ಎದ್ದು ವಾಟ್ಸ್ಆ್ಯಪ್ ನೋಡಿ ಉಪಯೋಗವಿಲ್ಲ, ಅಲ್ಲಿ ಆಫೀಸು ತೆರೆಯುವಾಗ ನಮ್ಮಲ್ಲಿ ಹತ್ತೂವರೆ. ನಾನಂತೂ ಆರಕ್ಕೇ ನೋಡುತ್ತಿದ್ದೆ. ಕ್ರೇಟ್‌ಗಳು ವರ್ಕ್‌ಶಾಪ್‌ನಲ್ಲಿ ಓಡಾಡಲು ಜಾಗ ಇಲ್ಲದ ಹಾಗೆ ಕೂತಿದ್ದವು. ಹುಡುಗರು ಅವುಗಳ ಮೇಲೇ ಊಟದ ಡಬ್ಬಿ ಇಟ್ಟುಕೊಂಡು ಉಣ್ಣುತ್ತಿದ್ದರು. ನನಗೆ ಅದು ನೋಡಿದರೆ ಬಡ್ಡಿ ಲೆಕ್ಕವೇ ಕಾಣುತ್ತಿತ್ತು.

ಫೆಬ್ರವರಿ ಕೊನೆಗೆ ಐಡಿಎಫ್ ನಂಬರ್ ಬಂತು. ಮಾರ್ಚ್ ಮೊದಲ ವಾರ ತಪಾಸಣಾ ಕಂಪನಿಗೆ ಅರ್ಜಿ ಹಾಕಿದೆ. ಅರ್ಜಿ ಫಾರಂ, ಪ್ರೊಫಾರ್ಮಾ, ಐಡಿಎಫ್, ಮೋಟಾರಿನ ಪರೀಕ್ಷಾ ವರದಿ. ಮೋಟಾರು ನಾವು ಹೊರಗಿನಿಂದ ಕೊಳ್ಳುವುದು. ಕೊಟ್ಟವರ ಹತ್ತಿರ ವರದಿ ಇತ್ತು, ಆದರೆ ಅವರದೇ ಲ್ಯಾಬಿನದು. ಮಾನ್ಯತೆ ಇರುವ ಲ್ಯಾಬಿನದೇ ಬೇಕು ಅಂದರು. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್ ಒಂದಕ್ಕೆ ಒಂದು ಗಿರಣಿ ಹೊತ್ತುಕೊಂಡು ಹೋದೆ. ಆರು ದಿನ, 14 ಸಾವಿರ ರೂಪಾಯಿ. ಮೋಟಾರು ಕೊಳ್ಳುವಾಗಲೇ ವರದಿ ಕೇಳಿದ್ದರೆ ಇದು ಉಳಿಯುತ್ತಿತ್ತು. ಇನ್ನೊಂದು, ನಮ್ಮದು ಸಿಂಗಲ್ ಫೇಸ್. ತ್ರೀ ಫೇಸ್ ಮೋಟಾರಾದರೆ ವಿದ್ಯುತ್ ಮಿತವ್ಯಯದ ಬೇರೊಂದು ನಿಯಮ ಅಲ್ಲಿದೆ, ಅದನ್ನೂ ವಿಚಾರಿಸಿಕೊಳ್ಳಿ.

ತಪಾಸಣೆ ಶುಲ್ಕ ಎಫ್‌ಒಬಿ ಬೆಲೆಯ ಮೇಲೆ ಶೇಕಡಾ ಲೆಕ್ಕ, ಆದರೆ ಅದಕ್ಕೊಂದು ಕನಿಷ್ಠ ಮೊತ್ತ ಇರುತ್ತದೆ. ನನ್ನಂಥ ಸಣ್ಣವರಿಗೆ ಕನಿಷ್ಠವೇ ಬೀಳುವುದು. ಅಪರೂಪಕ್ಕೆ ಕಳಿಸುವವರದು ರೂಟ್ ಎ. ಅಂದರೆ ಪ್ರತಿ ಸಲವೂ ಪರೀಕ್ಷೆ, ತಪಾಸಣೆ ಎರಡೂ. ಪದೇ ಪದೇ ಅದೇ ಮಾಲು ಕಳಿಸುವವರು ನೋಂದಣಿ ಮಾಡಿಸಿದರೆ ರೂಟ್ ಬಿ ಸಿಗುತ್ತದೆ, ತಾಪತ್ರಯ ಕಡಿಮೆ.

ಇನ್‌ಸ್ಪೆಕ್ಟರ್ ಬಂದದ್ದು ಒಂದು ಬುಧವಾರ ಹನ್ನೊಂದಕ್ಕೆ. ವಯಸ್ಸು ಮೂವತ್ತೂ ಇರಲಾರದು, ಬೆನ್ನಿಗೊಂದು ಬ್ಯಾಗು. ಕಾಫಿ ಬೇಡ ಅಂದರು, ನೀರು ಕುಡಿದರು. ಪೇರಿಸಿದ ಕ್ರೇಟ್ ನೋಡಿ, "ಪ್ಯಾಕ್ ಮಾಡಿಬಿಟ್ಟಿದ್ದೀರಲ್ಲ ಸರ್" ಅಂತ ನಕ್ಕರು. ಪಟ್ಟಿಯಿಂದ ಅಲ್ಲೊಂದು ಇಲ್ಲೊಂದು ನಂಬರ್ ಆರಿಸಿ, "ಇವನ್ನು ತೆಗೆಸಿ" ಅಂದರು. ಆರಿಸಿದ್ದರಲ್ಲಿ ಒಂದು ಮೂಲೆಯಲ್ಲಿ ಎಲ್ಲಕ್ಕಿಂತ ಕೆಳಗಿತ್ತು.

ಮೊದಲ ಕ್ರೇಟ್ ಬಿಚ್ಚಿದೊಡನೆ ಅವರು ಕೈ ಹಾಕಿದ್ದು ವೈರಿನ ತುದಿಗೆ. ನಮ್ಮ ಮೂರು ದುಂಡು ಕಡ್ಡಿಯ ಪ್ಲಗ್. "ಕೆನ್ಯಾದಲ್ಲಿ ಇದು ಹೋಗಲ್ಲ" ಅಂದರು. ಅಲ್ಲಿನದು ಬ್ರಿಟಿಷ್ ಮಾದರಿ, ಮೂರು ಚಪ್ಪಟೆ ಕಡ್ಡಿ, ಒಳಗೆ 13 ಆಂಪ್ಸ್ ಫ್ಯೂಸ್. ಕಿಸುಮುವಿನವರು ನಮ್ಮಲ್ಲಿಗೆ ಬಂದಾಗ ಅವರ ಫೋನ್ ಚಾರ್ಜರ್ ನಮ್ಮ ಬೋರ್ಡಿಗೆ ಕೂರದೆ ಅಡಾಪ್ಟರ್ ಹುಡುಕಿ ಕೊಟ್ಟವನು ನಾನೇ. ಆಗ ಹೊಳೆಯಲಿಲ್ಲ ನೋಡಿ.

ಪ್ಲಗ್ ಸಣ್ಣ ವಿಷಯ. ದೊಡ್ಡದು ಆಮೇಲೆ ಬಂತು. ಬ್ಯಾಗಿನಿಂದ ಮೀಟರ್ ತೆಗೆದು, ಒಂದು ಕಡ್ಡಿ ಪ್ಲಗ್ಗಿನ ಅರ್ಥ್ ಪಿನ್ನಿಗೆ, ಇನ್ನೊಂದು ಗಿರಣಿಯ ಮೈಗೆ ಇಟ್ಟರು. ಮೀಟರ್ ಸದ್ದು ಮಾಡಲಿಲ್ಲ. ಇನ್ನೊಂದು ಗಿರಣಿ ನೋಡಿದರು. ಅದರಲ್ಲಿ ಕೀ ಅಂತು. ಮೂರನೆಯದು ಮತ್ತೆ ಮೌನ. ಸ್ಕ್ರೂ ಬಿಚ್ಚಿ ತೋರಿಸಿದರು. ಅರ್ಥ್ ವೈರನ್ನು ನಾವು ಪೌಡರ್ ಕೋಟಿಂಗ್ ಮೇಲೇ ಬಿಗಿದಿದ್ದೆವು. ಬಣ್ಣ ಕೆರೆದಿರಲಿಲ್ಲ. ವೈರ್ ಇತ್ತು, ನೋಡಲು ಅರ್ಥಿಂಗ್ ಇತ್ತು, ಕರೆಂಟ್ ಹೋಗುವ ದಾರಿ ಇರಲಿಲ್ಲ. ಕೆಲವದರಲ್ಲಿ ಸ್ಕ್ರೂ ತಿರುಗಿಸುವಾಗ ಬಣ್ಣ ತಾನಾಗಿಯೇ ಕಿತ್ತು ಲೋಹ ತಾಗಿತ್ತು, ಅಷ್ಟೇ.

ನಿಜ ಹೇಳಬೇಕೆಂದರೆ ಅವತ್ತು ನನಗೆ ಸಿಟ್ಟಿಗಿಂತ ಭಯ ಆಯಿತು. ಇದೇ ಗಿರಣಿಗಳನ್ನು ನಾವು ಇಲ್ಲಿ ವರ್ಷಗಟ್ಟಲೆ ಮಾರಿದ್ದೇವೆ. ಒದ್ದೆ ಕೈಯಲ್ಲಿ ಮುಟ್ಟುವ ಹೆಂಗಸರು. ಅದರ ಬಗ್ಗೆ ಆಮೇಲೆ ಏನು ಮಾಡಿದೆ ಅನ್ನುವುದು ಬೇರೆ ಕಥೆ, ಇನ್ನೂ ಮಾಡುತ್ತಲೇ ಇದ್ದೇನೆ. ಒಬ್ಬ ಹುಡುಗ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಬಣ್ಣ ಕೆರೆದು ಬರುತ್ತಿದ್ದಾನೆ.

ವರದಿಯಲ್ಲಿ ನಾಲ್ಕು ಅಂಶ ಬರೆದರು: ಪ್ಲಗ್, ಅರ್ಥಿಂಗ್, ಹೆಸರುಫಲಕದಲ್ಲಿ ಮೇಡ್ ಇನ್ ಇಂಡಿಯಾ ಇಲ್ಲ, ಇಂಗ್ಲಿಷ್ ಕೈಪಿಡಿ ಇಲ್ಲ. ಕೈಪಿಡಿ ಕನ್ನಡದಲ್ಲಿ ಮಾತ್ರ ಇತ್ತು, ಅದೂ ಒಂದು ಹಾಳೆ. ಎಲ್ಲ ಸರಿ ಮಾಡಿ ಮತ್ತೆ ಕರೆಯಿರಿ ಅಂದರು. ಹೋಗುವಾಗ ಕ್ರೇಟಿನ ಹಲಗೆ ಮೇಲೆ ಬೆರಳು ಆಡಿಸಿ, "ಇದರ ಮೇಲೆ ಐಎಸ್‌ಪಿಎಂ ಮುದ್ರೆ ಇಲ್ವಲ್ಲಾ. ಇದು ನನ್ನ ಕೆಲಸ ಅಲ್ಲ, ಆದ್ರೂ ಹೇಳ್ತೀನಿ" ಅಂದರು. ಹಸಿ ಮರದಲ್ಲಿ ಹುಳು ಹೋಗಬಾರದು ಅಂತ ಐಎಸ್‌ಪಿಎಂ 15 ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ. ಮರವನ್ನು ಕಾಯಿಸಿ ಅಥವಾ ಹೊಗೆ ಕೊಟ್ಟು, ತೆನೆಯ ಚಿತ್ರ ಇರುವ ಮುದ್ರೆ ಒತ್ತಿರಬೇಕು. ಆ ಮುದ್ರೆಯನ್ನು ಅನುಮತಿ ಇರುವವರೇ ಒತ್ತಬೇಕು, ನಮ್ಮ ಬಡಗಿ ಒತ್ತಿದರೆ ನಡೆಯುವುದಿಲ್ಲ. ಅಂತೂ 120 ಕ್ರೇಟೂ ವೇಸ್ಟ್. ಈಗ ಅವು ನಮ್ಮ ಬೀದಿಯ ಅರ್ಧ ಜನರ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಆಗಿವೆ.

ಹನ್ನೆರಡು ದಿನ ಬೇಕಾಯಿತು. 120 ಪ್ಲಗ್ ಒಂದೇ ಕಡೆ ಸಿಗಲಿಲ್ಲ, ಎಸ್‌ಪಿ ರೋಡ್‌ನಲ್ಲಿ ಮೂರು ಅಂಗಡಿಯಿಂದ ಕೂಡಿಸಿ ತಂದೆ. ಒಂದೊಂದು ಗಿರಣಿಯಲ್ಲೂ ಬಣ್ಣ ಕೆರೆದು, ಹಲ್ಲಿರುವ ಸ್ಟಾರ್ ವಾಷರ್ ಹಾಕಿ, ಮೀಟರ್ ಇಟ್ಟು ಕೀ ಅನ್ನಿಸಿದೆವು. ನನ್ನ ಮಗಳು ಕೈಪಿಡಿಯನ್ನು ಇಂಗ್ಲಿಷಿಗೆ ಮಾಡಿದಳು. ಪ್ಲೈವುಡ್ ಕ್ರೇಟಿಗೆ ಈ ಮುದ್ರೆಯ ಗೋಳಿಲ್ಲ ಅಂತ ಆಗ ತಿಳಿಯಿತು. ಕ್ರೇಟಿನ ತಳಕ್ಕೆ ಹಾಕುವ ಪಟ್ಟಿ ಪ್ಲೈವುಡ್ ಅಲ್ಲದೆ ಇಡೀ ಮರದ್ದಾದರೆ ಅದಕ್ಕೆ ಮಾತ್ರ ಮುದ್ರೆ ಬೇಕು. ಎರಡನೇ ತಪಾಸಣೆ ಒಂದೇ ಗಂಟೆಯಲ್ಲಿ ಮುಗಿಯಿತು. ಎರಡೂ ಸಲದ ಶುಲ್ಕ, ಓಡಾಟ ಸೇರಿ 45 ಸಾವಿರ ದಾಟಿತು.

ಅಷ್ಟರಲ್ಲಿ ಮಾರ್ಚ್ ಮುಗಿದಿತ್ತು. ಏಪ್ರಿಲ್ ಮೊದಲ ವಾರ ಲಾರಿ ವೈಟ್‌ಫೀಲ್ಡ್ ಐಸಿಡಿಗೆ ಹೊರಡಬೇಕು. ಹಿಂದಿನ ರಾತ್ರಿ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಹಾಕಲು ಕೂತ ಸಿಎಚ್‌ಎ ಹುಡುಗ ಫೋನ್ ಮಾಡಿ, "ಸರ್, ಈ ವರ್ಷದ ಎಲ್‌ಯುಟಿ ಕಳ್ಸಿ" ಅಂದ. ಫೆಬ್ರವರಿಯಲ್ಲಷ್ಟೇ ಮಾಡಿದ್ದು! ಆದರೆ ಎಲ್‌ಯುಟಿ ಒಂದು ಆರ್ಥಿಕ ವರ್ಷಕ್ಕೆ ಮಾತ್ರ. ಮಾರ್ಚ್ 31ಕ್ಕೆ ನನ್ನದು ಸತ್ತಿತ್ತು. ರಾತ್ರಿ ಹತ್ತೂವರೆಗೆ ಕೂತು ಹೊಸದು ಹಾಕಿದೆ. ಒಟಿಪಿ ಬರುವ ಫೋನು ಅಕೌಂಟೆಂಟ್ ಹತ್ತಿರ, ಅವರು ತಿರುಪತಿಯ ಸಾಲಿನಲ್ಲಿ. ಹೇಗೋ ಆಯಿತು.

ಅದೇ ಹುಡುಗ ಇನ್ನೊಂದು ಉಪಕಾರ ಮಾಡಿದ. "ರೋಡ್‌ಟೆಪ್ ಬೇಕಲ್ವಾ ಸರ್?" ಅಂತ ಕೇಳಿದ. ರಫ್ತು ಮಾಡಿದವರಿಗೆ ಒಳಗಿನ ಕೆಲವು ತೆರಿಗೆ ವಾಪಸ್ ಕೊಡುವ ಯೋಜನೆ ಇದು. ಶಿಪ್ಪಿಂಗ್ ಬಿಲ್ ಹಾಕುವಾಗಲೇ ಅದರಲ್ಲಿ ಬೇಕು ಅಂತ ನಮೂದಿಸಬೇಕು, ಆಮೇಲೆ ನೆನಪಾದರೆ ಪಡೆಯುವುದು ಬಹಳ ಕಷ್ಟ. ಮೊತ್ತ ದೊಡ್ಡದಲ್ಲ, ಆದರೆ ಹಾಳಾದ ಕ್ರೇಟಿನ ದುಡ್ಡಾದರೂ ಬಂತು.

ಐಸಿಡಿಯಲ್ಲಿ ಕಸ್ಟಮ್ಸ್‌ನವರು ಮೂರು ಕ್ರೇಟ್ ಬಿಚ್ಚಿಸಿ ನೋಡಿದರು. ನಾನು ಬೆವರಿದ್ದಷ್ಟೂ ಸುಮ್ನೆ. ಕ್ಯಾಟಲಾಗ್ ಕೇಳಿದರು, ಕೊಟ್ಟೆ, ಸಂಜೆಗೆ ರಫ್ತಿಗೆ ಅನುಮತಿ ಕೊಡುವ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ ಆಯಿತು. 20 ಅಡಿ ಕಂಟೇನರ್‌ಗೆ ತುಂಬಿಸಿ, ತೇವ ಎಳೆದುಕೊಳ್ಳುವ ಚೀಲಗಳನ್ನು ಗೋಡೆಗೆ ತೂಗುಹಾಕಿ, ಸೀಲ್ ಮಾಡಿದರು. ಸೀಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ತುಂಬಿದ ಕಂಟೇನರ್ ತೂಕದ ವಿಜಿಎಂ ಘೋಷಣೆ ಕೊಡಬೇಕು, 2016ರಿಂದ ಅದಿಲ್ಲದೆ ಹಡಗಿಗೆ ಹತ್ತಿಸುವುದಿಲ್ಲ. ಸರ್ಟಿಫಿಕೇಟ್ ಆಫ್ ಒರಿಜಿನ್ ಅನ್ನು ಡಿಜಿಎಫ್‌ಟಿ ಪೋರ್ಟಲ್‌ನಲ್ಲೇ ಹಾಕಿ ತೆಗೆದುಕೊಂಡೆ. ಮೊದಲಿನ ಹಾಗೆ ಕಾಗದ ಹಿಡಿದು ಚೇಂಬರ್ ಆಫೀಸಿಗೆ ಓಡಬೇಕಿಲ್ಲ.

ಕಂಟೇನರ್ ರೈಲಿನಲ್ಲಿ ಚೆನ್ನೈಗೆ ಹೋಯಿತು. ಹಡಗು ಕಂಪನಿಯಿಂದ ಬಿಲ್ ಆಫ್ ಲೇಡಿಂಗ್‌ನ ಕರಡು ಬಂತು. ಇದನ್ನು ಬಿಎಲ್ ಅನ್ನುತ್ತಾರೆ, ಮಾಲು ಯಾರದ್ದು ಅಂತ ಹೇಳುವ ಕಾಗದ ಇದೇ. ಅದರಲ್ಲಿ ಕೊಳ್ಳುವವರ ಕೆನ್ಯಾ ತೆರಿಗೆ ನಂಬರ್ ಇರಬೇಕು. ಪಿನ್ ಅನ್ನುತ್ತಾರೆ, ನಮ್ಮ ಪ್ಯಾನ್ ಇದ್ದ ಹಾಗೆ. ಹನ್ನೊಂದು ಅಕ್ಷರ, ಶುರುವಿಗೂ ಕೊನೆಗೂ ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ. ಎರಡು ಸಲ ಓದಿ "ಓಕೆ" ಅಂತ ಉತ್ತರಿಸಿದೆ. ಹಡಗು ಹೊರಟ ಐದನೇ ದಿನ ಕಿಸುಮುವಿನ ಏಜೆಂಟ್ ಫೋನ್ ಮಾಡಿದರು. ಕೊನೆಯದು ಬಿ ಅಕ್ಷರ. ಬಿಎಲ್‌ನಲ್ಲಿ ಎಂಟು ಅಂತ ಬಿದ್ದಿತ್ತು. ಕನ್ನಡಕ ಹಾಕಿಕೊಂಡು ನೋಡಿದರೂ ಆ ಫಾಂಟ್‌ನಲ್ಲಿ ಎರಡೂ ಅವಳಿ ಜವಳಿ. ತಿದ್ದುಪಡಿ ಪತ್ರ, ತಿದ್ದುಪಡಿ ಶುಲ್ಕ, ಮ್ಯಾನಿಫೆಸ್ಟ್ (ಹಡಗಿನ ಸರಕು ಪಟ್ಟಿ) ಬದಲಾವಣೆಗೆ ಇನ್ನೊಂದು ಶುಲ್ಕ. ಒಟ್ಟು 11 ಸಾವಿರ. ಪಿನ್ ಅನ್ನು ಕೊಳ್ಳುವವರಿಂದ ಟೈಪ್ ಮಾಡಿಸಿ ತರಿಸಿಕೊಳ್ಳಿ, ಅದನ್ನೇ ಕಾಪಿ ಪೇಸ್ಟ್ ಮಾಡಿ. ಫೋಟೊ ನೋಡಿ ಟೈಪ್ ಮಾಡಬೇಡಿ.

ಸಿಒಸಿ ಕೂಡ ಇದೇ ಹೊತ್ತಿಗೆ ಕೈಗೆ ಬಂತು. ಕೊನೆಯ ಇನ್‌ವಾಯ್ಸ್, ಬಿಎಲ್ ಕೊಟ್ಟ ಮೇಲೆ ಅವರು ಅಂತಿಮ ಪ್ರಮಾಣಪತ್ರ ಕಳಿಸಿದರು. ತಪಾಸಣೆ ಪಾಸಾಯಿತು ಅಂದರೆ ಸಿಒಸಿ ಬಂತು ಅಂತಲ್ಲ, ಈ ಕಾಗದಗಳಿಗೆ ಅವರು ಕಾಯುತ್ತಿರುತ್ತಾರೆ. ನಾನು ಅವರಿಗೆ ಕಾಯುತ್ತಿದ್ದೆ.

ಹಡಗಿನ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಚೆನ್ನೈಯಿಂದ ಕೊಲಂಬೊ, ಅಲ್ಲಿ ಬೇರೆ ಹಡಗಿಗೆ. ಆ ಬೇರೆ ಹಡಗಿನಲ್ಲಿ ಜಾಗ ಸಿಗದೆ ಕಂಟೇನರ್ ಹದಿನಾರು ದಿನ ಕೊಲಂಬೊದಲ್ಲಿ ಕೂತಿತು. ಟ್ರ್ಯಾಕಿಂಗ್ ಪುಟದಲ್ಲಿ ದಿನವೂ ಅದೇ ಸಾಲು. ಮುಂದಿನ ಸಲ ಮುಂಬೈ ಹತ್ತಿರದ ನವಾ ಶೇವಾ ಬಂದರಿನಿಂದ ನೇರ ಹಡಗು ನೋಡುತ್ತೇನೆ. ಲಾರಿ ಖರ್ಚು ಹೆಚ್ಚು, ನಿದ್ದೆ ಉಳಿಯುತ್ತದೆ. ಎಡಿ ಕೋಡ್ ಅಲ್ಲಿಗೂ ನೋಂದಾಯಿಸಬೇಕು ಅನ್ನುವುದು ನೆನಪಿರಲಿ.

ಮೊಂಬಾಸಾ ತಲುಪಿದ್ದು ಮೇ ಕೊನೆಯ ವಾರ. ಬಂದರಿನಲ್ಲಿ ಎರಡು ಮೀಟರ್ ಒಟ್ಟಿಗೆ ಓಡುತ್ತವೆ: ಬಂದರಿನ ಬಾಡಿಗೆ ಒಂದು, ಕಂಟೇನರ್ ಹಿಡಿದಿಟ್ಟುಕೊಂಡದ್ದಕ್ಕೆ ಹಡಗು ಕಂಪನಿಯ ಬಾಡಿಗೆ ಇನ್ನೊಂದು. ಎರಡನೆಯದಕ್ಕೆ ಬುಕಿಂಗ್ ಮಾಡುವಾಗಲೇ 14 ದಿನ ಉಚಿತ ಅಂತ ಬರೆಸಿಕೊಂಡಿದ್ದೆ. ಇಡೀ ವ್ಯವಹಾರದಲ್ಲಿ ನಾನು ಮುಂಚಿತವಾಗಿ ಮಾಡಿದ ಒಂದೇ ಜಾಣತನ ಅದು, ಅದೂ ಸಿಎಚ್‌ಎ ಹೇಳಿಕೊಟ್ಟದ್ದು. ಬಾಕಿ ಶೇ 70 ಬಂದ ಮೇಲೆ ಬಿಎಲ್ ಬಿಟ್ಟುಕೊಡಬೇಕು. ಕೊರಿಯರ್‌ನಲ್ಲಿ ಮೂಲ ಪ್ರತಿ ಕಳಿಸುವ ಬದಲು ಅದನ್ನು ಇಲ್ಲೇ ಹಡಗು ಕಂಪನಿಗೆ ಒಪ್ಪಿಸಿದರೆ ಅವರು ಅಲ್ಲಿನ ಕಚೇರಿಗೆ "ಮಾಲು ಕೊಡಿ" ಅಂತ ತಿಳಿಸುತ್ತಾರೆ. ಟೆಲೆಕ್ಸ್ ರಿಲೀಸ್ ಅಂತ ಅದರ ಹೆಸರು. ಕಿಸುಮುವಿನವರು ಶೇ 60 ಕಳಿಸಿ, "ಉಳಿದ ಹತ್ತು ಮಾಲು ಕೈಗೆ ಬಂದ ಮೇಲೆ" ಅಂದರು. ಒಪ್ಪಂದದಲ್ಲಿ ಅದು ಇರಲಿಲ್ಲ. ಮೂರು ತಿಂಗಳು ತಡ ಮಾಡಿದವನು ನಾನು, ಬಾಯಿ ಬರಲಿಲ್ಲ. ಒಪ್ಪಿದೆ.

ಜೂನ್ 1 ಅಲ್ಲಿ ಮದರಾಕಾ ದಿನ, ಸರ್ಕಾರಿ ರಜೆ. ಅದೂ ಒಂದು ದಿನ ಹೋಯಿತು. ಬಂದರಿಗೆ ಮಾಲು ತಲುಪುವ ವಾರದಲ್ಲಿ ಆ ದೇಶದ ರಜೆ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ. ಒಟ್ಟು ಒಂಬತ್ತು ದಿನದಲ್ಲಿ ಮಾಲು ಬಿಡುಗಡೆಯಾಗಿ ಲಾರಿ ಹತ್ತಿತು. ಕಿಸುಮು ಅಲ್ಲಿಂದ 800 ಕಿಲೋಮೀಟರ್‌ಗೂ ಜಾಸ್ತಿ. ಎರಡು ಗಿರಣಿಯ ಹಾಪರ್, ಅಂದರೆ ಧಾನ್ಯ ಸುರಿಯುವ ಬಾಯಿ, ಸೊಟ್ಟಗಾಗಿತ್ತು, ಉಳಿದವು ಚೆನ್ನಾಗಿದ್ದವು. ಹಾಪರ್ ಎರಡನ್ನು ಮುಂದಿನ ಆರ್ಡರ್ ಜೊತೆ ಉಚಿತವಾಗಿ ಕಳಿಸುತ್ತೇನೆ ಅಂದೆ.

ದುಡ್ಡಿನ ಕಡೆ ಇನ್ನೊಂದು ಮಾತು. ಡಾಲರ್ ಬರುವಾಗ ನಡುವಿನ ಬ್ಯಾಂಕುಗಳು ಸ್ವಲ್ಪ ಸ್ವಲ್ಪ ಕತ್ತರಿಸುತ್ತವೆ. ನನಗೆ ಮೂರು ಕಂತಿನಲ್ಲಿ ಒಟ್ಟು 96 ಡಾಲರ್ ಕಡಿಮೆ ಬಂತು. ಇನ್‌ವಾಯ್ಸ್ ಮೊತ್ತಕ್ಕೂ ಬಂದ ಮೊತ್ತಕ್ಕೂ ತಾಳೆ ಆಗದಿದ್ದರೆ ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ನಿಮ್ಮ ಶಿಪ್ಪಿಂಗ್ ಬಿಲ್ ಬಾಕಿ ಅಂತಲೇ ಉಳಿಯುತ್ತದೆ. ಕಡಿತದ ವಿವರ ಬ್ಯಾಂಕಿಗೆ ಬರೆದುಕೊಟ್ಟು ಅದನ್ನು ಮುಚ್ಚಿಸಿಕೊಳ್ಳಬೇಕು. ಆಮೇಲೆ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ಇ-ಬಿಆರ್‌ಸಿ (ರಫ್ತಿನ ದುಡ್ಡು ಬಂದಿದೆ ಅನ್ನುವ ಪ್ರಮಾಣಪತ್ರ) ನೀವೇ ಮಾಡಿಕೊಳ್ಳಬಹುದು. ನನ್ನದು ಇನ್ನೂ ಒಂದು ಕಂತಿನದು ಬಾಕಿ ಇದೆ, ಈ ವಾರ ಬ್ಯಾಂಕಿಗೆ ಹೋಗಬೇಕು.

ನೀವು ಕೇಳುವ ಮೊದಲೇ ಹೇಳುತ್ತೇನೆ, ಲಾಭ ಆಯಿತಾ ಅಂದರೆ ಆಯಿತು. ಅಂದುಕೊಂಡದ್ದರ ಮೂರನೇ ಒಂದು ಭಾಗ. ಕ್ರೇಟ್, ಪ್ಲಗ್, ಲ್ಯಾಬ್, ಎರಡು ತಪಾಸಣೆ, ಬಿಎಲ್ ತಿದ್ದುಪಡಿ, ಮೇಲೆ ಬಡ್ಡಿ, ಎಲ್ಲ ಸೇರಿ ಎರಡು ಲಕ್ಷದ ಹತ್ತಿರ ಕೈ ಬಿಟ್ಟಿತು. ಇದರಲ್ಲಿ ಮುಕ್ಕಾಲು ಪಾಲು ನಾನೇ ತಂದುಕೊಂಡದ್ದು.

ನಿನ್ನೆ ಸಂಜೆ ಕಿಸುಮುವಿನಿಂದ ಒಂದು ವಿಡಿಯೊ ಬಂತು. ಅಂಗಡಿ ಮುಂದೆ ಗಿರಣಿ ಓಡುತ್ತಿದೆ, ಒಬ್ಬ ಹೆಂಗಸು ಮೊರದಿಂದ ವಿಂಬಿ ಸುರಿಯುತ್ತಿದ್ದಾರೆ, ಹಿಟ್ಟು ಬೀಳುತ್ತಿದೆ. ನಾನು ಹಿಟ್ಟಿಗಿಂತ ಮೊದಲು ನೋಡಿದ್ದು ಗೋಡೆಯ ಬೋರ್ಡನ್ನು. ಪ್ಲಗ್ ಸರಿಯಾಗಿ ಕೂತಿತ್ತು. ವಿಡಿಯೊ ಕೆಳಗೆ ಒಂದು ಸಾಲು: ಇನ್ನೂ 80 ಬೇಕು, ಈ ಸಲ 5 ಎಚ್‌ಪಿ, ತ್ರೀ ಫೇಸ್, ಯಾವಾಗ ಶುರು ಮಾಡುತ್ತೀರಿ?

ಪ್ರೊಫಾರ್ಮಾ ನಾಳೆ ಕಳಿಸುತ್ತೇನೆ, ಐಡಿಎಫ್ ನಂಬರ್ ಬಂದ ದಿನ ಶುರು ಮಾಡುತ್ತೇನೆ ಅಂತ ಬರೆದೆ.